ಮೂರು ಡೆಸಿಬೆಲ್

ಬನಹಟ್ಟಿಯಾಗ ರಾತ್ರಿ ಹನ್ನೊಂದಕ್ಕ ಕರೆಂಟ್ ಹೋದರ
ಬೈಯದವ ನಾನೊಬ್ಬನೇ.
ಓಣಿಯ ನಲವತ್ತು ಮಗ್ಗ ಒಮ್ಮೆಲೇ ಬಾಯಿ ಮುಚ್ಚತಾವ,
ಲಾಳಿ ಅರ್ಧ ಹಾದಿಗೆ ನಿಂತಬಿಡತೈತಿ,
ರಿಸೀವರಿನ ಮುಳ್ಳು ಏಳರಿಂದ ಎರಡಕ್ಕ ಇಳೀತೈತಿ
ಜ್ವರ ಬಿಟ್ಟವರ ಹಂಗ.

ಹಗಲೆಲ್ಲ ಸುಟ್ಟ ಮೋಟರಿಗೆ ತಾಮ್ರ ಸುತ್ತುವ ಕೈ ಇದು.
ಅವೇ ಮೋಟರು ರಾತ್ರಿ ನನ್ನ ಆಂಟೆನಾದಾಗ ಕರಕರ ಅಂತಾವ.
ನಾನೇ ರಿಪೇರಿ ಮಾಡಿ ಕಳಿಸಿದ ಗದ್ದಲ,
ಯಾರ ಮ್ಯಾಲ ಸಿಟ್ಟಾಗಲಿ?

ಆವತ್ತು ಆಂಟೆನಾ ಬಿಚ್ಚಿಟ್ಟೆ.
ಸ್ಕೂಟರಿನ ಬ್ಯಾಟರಿಗೆ ರಿಸೀವರು. ಮಗ್ಗಲಿಗೆ
ಸೋಮವಾರದ ಮಟ ಅಂತ ಕೈಕಾಲು ಹಿಡಿದು
ಜಮಖಂಡಿ ಕಾಲೇಜಿನಿಂದ ತಂದ ಸಿಗ್ನಲ್ ಜನರೇಟರು.
ನಡುವ, ಎಣ್ಣಿ ಡಬ್ಬಿಯ ತಗಡಿನಾಗ
ನಾನೇ ಬೆಸೆದ ಅಟೆನುವೇಟರು, ಸಾಲಾಗಿ ಎಂಟು ಸ್ವಿಚ್ಚು.
ಒಂದೊಂದು ಒತ್ತಿದಂಗ ಸಿಗ್ನಲ್ಲು
ಒಂದೊಂದು ಊರು ದಾಟಿ ಹೋಗತೈತಿ:
ಮಹಾಲಿಂಗಪುರ, ಗೋಕಾಕ, ಕೊಲ್ಲಾಪುರ,
ಆಮ್ಯಾಲ ಸಮುದ್ರ,
ಆಮ್ಯಾಲ ಹೆಸರಿಲ್ಲದ ಕಡೆ.

ಮೊದಲ ಪರೀಕ್ಷೆ ಸರಳ.
ಸಿಗ್ನಲ್ ಇಲ್ಲದಾಗ ಬರೇ ಮೊರೆತ ಎಷ್ಟು, ಬರಕೋ.
ಆಮ್ಯಾಲ ಒಂದೊಂದೇ ಸ್ವಿಚ್ಚು ಬಿಡಕೋತ ಬಾ.
ಮಾತು ಗದ್ದಲದಷ್ಟೇ ಆದ ಗಳಿಗಿಗೆ
ಮೀಟರು ಮೂರು ಡೆಸಿಬೆಲ್ ಏರತೈತಿ.
ಇರೂದಕ್ಕೂ ಇಲ್ಲದ್ದಕ್ಕೂ ನಡುವ
ನಮ್ಮ ಮಂದಿ ಎಳೆದ ಗೆರಿ ಅದು.
ಅಗಲ ಫಿಲ್ಟರಿಗೊಂದು ಅಂಕಿ, ಸಣ್ಣದಕ್ಕ ಇನ್ನೊಂದು,
ನಡುವ ಹದಿನಾಲ್ಕು ಡೆಸಿಬೆಲ್!
ಎರಡು ತಿಂಗಳು ಸುರುಳಿ ಸುತ್ತಿ ಮಾಡಿದ ಫಿಲ್ಟರು,
ಏಳುನೂರು ಹರ್ಟ್ಸಿನ ಸುತ್ತ ನೂರರ ಕಿಂಡಿ.
ಎದಿ ಉಬ್ಬಿತು.

ಆದರ ಮೀಟರಿಗೆ ಅಕ್ಷರ ಬರೂದಿಲ್ಲ.

ಅದಕ್ಕ ತಂಗಿ ದಾನಮ್ಮನ್ನ ಎಬ್ಬಿಸಿದೆ.
ಮನಿಯಾಗ ಕಂಡಿಕೆ ಸುತ್ತಾಕಿ. ಮೋರ್ಸ್ ಗೊತ್ತಿಲ್ಲ, ಗೊತ್ತಿರಲೂಬಾರದು.
ಯಾವ ಫಿಲ್ಟರು ಹಾಕಿದಿ, ಎಷ್ಟು ಸ್ವಿಚ್ಚು ಒತ್ತಿದಿ
ನನಗ ಹೇಳಬ್ಯಾಡ, ಮರಿಗೆ ಬರಕೋ ಅಂದೆ.
"ನಿನಗ ನೀನೇ ಮೋಸ ಮಾಡಕೋತಿ ಅಂತ
ನನ್ನ ಕಾವಲು ಕೂಡಿಸಿದಿ, ಹೌದಲ್ಲೋ?"

ಐದೈದು ಅಕ್ಷರದ ಗುಂಪು, ಅರ್ಥ ಇಲ್ಲದವು;
ಅರ್ಥ ಇದ್ದರ ಮನಸು ತಾನೇ ತುಂಬಿಕೊಂತೈತಿ.
ಐವತ್ತರಾಗ ಅಗಲದಾಗ ಮೂವತ್ತೊಂದು ಸರಿ.
ಸಣ್ಣದರಾಗ ಮೂವತ್ತನಾಲ್ಕು.
ಎರಡು ಸಲ ಎಣಿಸಿದೆ.
ಹದಿನಾಲ್ಕು ಡೆಸಿಬೆಲ್ಲಿಗೆ ಮೂರೇ ಅಕ್ಷರ.
ಕಿವಿಯೊಳಗ ಯಾರೋ ಮೊದಲೇ ಒಂದು ಫಿಲ್ಟರು ಸುತ್ತಿಟ್ಟಾರ;
ನಾನು ಅದರ ಮುಂದ ಇನ್ನೊಂದು ಬಾಗಿಲು ಹಚ್ಚಿದ್ದೆ.
ಸಣ್ಣ ಕಿಂಡಿಯಾಗ ತಾಸು ಕುಂತರ
ಮೊರೆತವೂ ಏಳುನೂರರ ಸ್ವರ ಕಲೀತೈತಿ,
ಚುಕ್ಕಿಗೆ ಚುಕ್ಕಿ ಅಂಟತಾವ,
ಖಾಲಿ ಕೊಡಕ್ಕ ಉಂಗುರ ತಾಗಿದಂಗ ಗುಂಯ್.

ಕೊನೀ ಸುತ್ತಿಗೆ ಪೆನ್ನು ಕೆಳಗಿಟ್ಟೆ.
"ಏನೂ ಇಲ್ಲ. ಬಂದ್ ಮಾಡಿ ಕುಂತೀದಿ."
ಹೆಡ್‌ಫೋನ್ ಕಸಕೊಂಡಳು, ಕೂದಲು ಕಿವಿಯ ಹಿಂದ ಸರಿಸಿದಳು,
ಕಣ್ಣು ಮುಚ್ಚಲಿಲ್ಲ.
"ಐತಿ."
ಏನೈತಿ?
"ಏನಂತ ನಾ ಹೆಂಗ ಹೇಳಲಿ? ಎಳಿ ಐತಿ.
ಲಡಿಯಾಗ ಕಡದ ಎಳಿ ಕಣ್ಣಿಗೆ ಕಾಣೂದಿಲ್ಲ,
ಬೆರಳಿಗೆ ಹತ್ತತೈತಿ."

ನಂಬಲಿಲ್ಲ. ಸ್ವಿಚ್ಚು ನನ್ನ ಕಡೆ ತಗೊಂಡು
ಹತ್ತು ಸಲ ಕೇಳಿಸಿದೆ, ನಾಲ್ಕು ಸಲ ಗುಪ್ತ ಬಂದ್ ಮಾಡಿ.
ಒಂಬತ್ತು ಸರಿ ಹೇಳಿದಳು.
ಹತ್ತನೇದಕ್ಕ ಇನ್ನೂ ಜಗಳ ತಗೀತಾಳ.

ವಹಿಯಾಗ ಎರಡು ಸಾಲು ಮೊದಲೇ ಇದ್ದುವು, ಅಗಲ, ಸಣ್ಣ.
ಮೂರನೇ ಗೆರಿ ಹೊಡೆದು ಅಂಕಿ ಬರದೆ,
ತಲಿಬರಹ ತೋಚಲಿಲ್ಲ.
ಇಪ್ಪತ್ತು ವರ್ಷದ ಮಗ್ಗ ನನ್ನ ಕಿವಿಯಿಂದ ಏನೇನು ಒಯ್ದಾವ
ಅನ್ನೂದಕ್ಕ ಅಲ್ಲೀತನಕ ಅಳತಿ ಇದ್ದಿದ್ದಿಲ್ಲ.

ಪೌಣೇ ಎರಡಕ್ಕ ಕರೆಂಟ್ ಬಂತು.
ಅರ್ಧಕ್ಕ ನಿಂತ ಲಾಳಿ ಎಲ್ಲಾ ಕೂಡಿ ಓಡಿದುವು,
ಗೋಡಿ ಮ್ಯಾಲಿನ ಕ್ಯಾಲೆಂಡರ್ ನಡುಗಾಕ ಹತ್ತಿತು.
ದಾನಮ್ಮ ಹೊಸ್ತಿಲದಾಗ ತುಸು ನಿಂತಳು.
"ಹಿಂದಿನ ಓಣಿ, ಬಾವಿ ಕಡೆಯ ಮಗ್ಗ.
ಮೋಟರಿನ ಬೇರಿಂಗ್ ಹೋಗೇತಿ.
ನಾಳೆ ನಿನ್ನ ಕಡೆನ ತರತಾರ, ಮಲಕೋ."

ಹತ್ತು ಗಂಟೆಗೆ ತಂದರು.